ಹೊಗೆ ಬರೆದುಕೊಳ್ಳಲು ಬಂದವಳು

ಕಂದಾಯಕ್ಕಲ್ಲ, ಗಾಬರಿ ಬೀಳಬೇಡಿ,
ನಲ್ಲಿ ಬಾಕಿಗೂ ಅಲ್ಲ.
ಈ ಸಲ ಬಂದಿರೋದು ಹೊಗೆ ಬರೆದುಕೊಳ್ಳೋಕೆ.

ಗಂಡಸಿ ಹ್ಯಾಂಡ್‌ಪೋಸ್ಟಿನ ಆಚೆ ಬದಿ, ಮೂರನೇ ವಾರ್ಡು.
ಪಂಚಾಯ್ತಿಯ ಬಿಲ್ ಕಲೆಕ್ಟರು ನಾನು. ಹದಿನಾರು ವರ್ಷ
ನನ್ನ ಚಪ್ಪಲಿ ಸದ್ದಿಗೇ ಕದ ಮುಚ್ಚುತ್ತಿದ್ದವರು
ಇವತ್ತು ಅರ್ಧ ತೆರೆದು ಇಣುಕುತ್ತಾರೆ.
ಒಂಬತ್ತು–ಹನ್ನೊಂದರ ನಮೂನೆಯೇನಮ್ಮ?
ಅಲ್ಲ, ಇದು ಬೇರೆ. ಮೇಲಿಂದ ಬಂದದ್ದು, ನಾಲ್ಕು ಪುಟ.
ಊರು ವರ್ಷಕ್ಕೆ ಎಷ್ಟು ಇಂಗಾಲ ಉಗುಳುತ್ತೋ ಲೆಕ್ಕ ಬೇಕಂತೆ,
ಲೆಕ್ಕ ಸಿಕ್ಕರೆ ತಾನೆ ಇಳಿಸೋದು.

ಗಾಡಿ? ಒಂದು.
ಓಡುತ್ತಾ? ತಳ್ಳಿದರೆ ಓಡುತ್ತೆ.
ಸಿಲಿಂಡರು? ನೆಂಟರು ಬಂದಾಗ.
ಸೌದೆ, ದಿನಕ್ಕೆ ಎಷ್ಟು ಕೆಜಿ?
ದ್ಯಾವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ನಕ್ಕರು:
ಈ ಸೀಮೇಲಿ ಸೌದೆ ಯಾರಮ್ಮ ಸುಡ್ತಾರೆ?
ಮಟ್ಟೆ, ಗರಿ, ಒಣಗಿದ ಹೊಂಬಾಳೆ,
ತೆಂಗು ತಾನಾಗೇ ಉದುರಿಸಿದ್ದು.
ಬರಕೋ, ಮರದ ಹೆಸರಿಗೆ.
ಹಸು ತೇಗಿದರೂ ಲೆಕ್ಕಕ್ಕುಂಟು ಅಂದೆ.
ಹಂಗಾದ್ರೆ ನಮ್ಮ ಯಜಮಾನರದ್ದೂ ಹಾಕ್ಕೊ,
ಮುದ್ದೆ ಉಂಡ ಮೇಲಿಂದು.

ಖಲಂದರ್ ಸಾಬರ ಗಿರಣಿಯಲ್ಲಿ
ಡೀಸೆಲ್ ಎಂಜಿನ್ನು ಹೋಗಿ ಮೋಟರು ಬಂದಿದೆ.
ಟುಕುಟುಕು ನಿಂತ ಮೇಲೆ
ಗಿರಣಿ ತೆಗೆದಿದೆಯೋ ಇಲ್ಲವೋ ಯಾರಿಗೂ ತಿಳಿಯದೆ
ರಾಗಿ ತಂದವರೆಲ್ಲ ಪಕ್ಕದೂರಿಗೆ ಹೋದರಂತೆ.
ಅದಕ್ಕೇ ಬಾಗಿಲಿಗೆ ಗಂಟೆ ಕಟ್ಟಿದ್ದಾರೆ, ಸ್ಕೂಲಿನ ಹಳೇದು.
ಹಿಟ್ಟು ಬೀಸುವಾಗ ಮೊಮ್ಮಗ ಬಾರಿಸುತ್ತಾನೆ.

ಇಸ್ತ್ರಿ ರೇವಣ್ಣ ಚಿಪ್ಪಿನ ಕೆಂಡಕ್ಕೆ ಬೂದಿ ಊದುತ್ತಾ
ಕರೆಂಟಿನ ಪೆಟ್ಟಿಗೆಗೆ ಅರ್ಜಿ ಕೊಟ್ಟು ಎರಡು ವರ್ಷ,
ಅದನ್ನೂ ಬರಿ ಅಂದ.
ಅದಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ.

ಕೊನೆಗೆ ಸ್ಮಶಾನ.
ಗೂಳಯ್ಯ ಬೇಲಿ ಕಟ್ಟುತ್ತಿದ್ದ.
ತಲೆಗೆ ಎಷ್ಟು ಸೌದೆ?
ಅದು ತಲೆ ನೋಡಿ ಅಲ್ಲವ್ವ, ಮೈ ನೋಡಿ.
ದಪ್ಪಗಿದ್ದೋರಿಗೆ ಕಮ್ಮಿ ಸಾಕು, ಕೊಬ್ಬು ತಾನೇ ಉರಿಯುತ್ತೆ.
ಕೂಲಿ ಮಾಡಿ ಸವೆದೋರಿಗೇ ಜಾಸ್ತಿ ಬೇಕು,
ಹಿಡಿಯೋಕೇ ಹೊತ್ತಾಗುತ್ತೆ.
ಪೆನ್ನು ಎತ್ತಲಿಲ್ಲ ನಾನು.
ನಮ್ಮವ್ವನಿಗೆ? ಅಂತ ಕೇಳಿದೆ.
ಆರು ಕ್ವಿಂಟಾಲು, ಅವತ್ತು ಸೋನೆ ಬೇರೆ ಇತ್ತಲ್ಲ.
ಆರು ಎಂದು ಬರೆದು
ಅಡಿಗೆರೆ ಎಳೆದೆ, ಯಾಕೋ.

ಗ್ರಾಮಸಭೆಯಲ್ಲಿ ಮೊತ್ತ ಓದಿದರು.
ತಾಲ್ಲೂಕಿಂದ ಬಂದಿದ್ದ ಹುಡುಗ, ಒಳ್ಳೇ ಹುಡುಗ,
ನಿಮ್ಮೂರಿನದು ಏನೇನೂ ಅಲ್ಲ ಬಿಡಿ ಅಂದ.
ಕೆಲವರಿಗೆ ಹೆಮ್ಮೆಯಾಯಿತು,
ಕೆಲವರ ಮುಖ ಸಣ್ಣದಾಯಿತು.
ಆಮೇಲೆ ಕನ್ನಡಕ ಏರಿಸಿ
ಪಂಚಾಯ್ತಿಯದೇ ಪುಟ ತಿರುವಿದ:
ಬೀದಿ ದೀಪ ನೂರಾ ಹದಿನೆಂಟು,
ಉರಿಯುವುದು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ.
ಆರಿಸುವ ಕೆಲಸ ಯಾರ ಹೆಸರಿಗೂ ಇಲ್ಲ.

ಹದಿನಾರು ವರ್ಷ ಮನೆಮನೆಯ ಬಾಗಿಲು ಬಡಿದು
ನಾನು ಎತ್ತಿದ ಕಾಸಿನಲ್ಲಿ
ಸೂರ್ಯನಿಗೆ ದೀಪ ಹಿಡಿದಿದ್ದೆವು.

ಟೈಮರ್ ಪೆಟ್ಟಿಗೆ ಹತ್ತು ಮಂಜೂರಾಗಿ
ಏಳು ಬಂದವು, ಐದು ಕೆಲಸ ಮಾಡುತ್ತವೆ.
ಮಿಕ್ಕ ಸ್ವಿಚ್ಚುಗಳು ನನ್ನ ಪಾಲಿಗೆ,
ನಾನೇ ಕೇಳಿ ಪಡೆದದ್ದು. ಸಂಬಳವೇನೂ ಏರಲಿಲ್ಲ.
ಬೆಳಗ್ಗೆ ಐದೂ ಐವತ್ತಕ್ಕೆ
ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು
ಹಾಲಿನ ಡೇರಿ ಹತ್ತಿರದ ಕಂಬದಿಂದ ಶುರು.

ಹಾಲು ತಂದ ಮುದುಕಿ ಒಂದು ದಿನ ತಡೆದಳು:
ಮುಂಜಾನೇಲಿ ದೀಪ ಆರಿಸ್ತೀಯಲ್ಲೇ, ಮುತ್ತೈದೆ!
ಆರಿಸು ಅನ್ನೋ ಮಾತು ನಮ್ಮವ್ವನ ಬಾಯಲ್ಲೂ ಬರುತ್ತಿರಲಿಲ್ಲ.
ಮಲಗುವ ಹೊತ್ತಿಗೆ
ದೀಪ ದೊಡ್ಡದು ಮಾಡು ಮಗಾ, ಅನ್ನೋಳು.

ಆರಿಸ್ತಿಲ್ಲ ಅಜ್ಜಿ,
ಅಲ್ಲಿ ನೋಡು ಅಂದೆ,
ತೆಂಗಿನ ತೋಟದ ಮೂಡಲಿಗೆ.
ಖಟ್.
ದೊಡ್ಡದು ಮಾಡ್ತಿದೀನಿ.